ಪ್ರಶ್ನಾವಳಿ ಚೀಲದಲ್ಲೇ ಇಡಿಸಿದ ಮೇಷ್ಟ್ರು

ಯುಗಾದಿ ಕಳೆದ ವಾರ ನಮ್ಮ ಸಂಶೋಧನಾ ವಿಧಾನದ ಮೇಷ್ಟ್ರು ತೀರಿಕೊಂಡರು. ಎಂ.ಎ. ಸಮಾಜಶಾಸ್ತ್ರದಲ್ಲಿ ಓದಿದ್ದು ಬಹುಪಾಲು ಮರೆತಿದೆ. ಅವರ ಜೊತೆ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿದ್ದು ಮಾತ್ರ ನಿನ್ನೆ ಮೊನ್ನೆಯ ಹಾಗಿದೆ.

ಅಲ್ಲಿನ ಕಾಡಿನ ಜನ ಸೋಲಿಗರ ಪೋಡಿನಲ್ಲಿ, ಅಂದರೆ ಅವರ ಹಾಡಿಯಲ್ಲಿ, ಮೊದಲ ದಿನ ಪೆನ್ನು ತೆಗೆಯುವ ಹಾಗಿರಲಿಲ್ಲ. ಸುಮ್ನೆ ಕೂತು ಟೀ ಕುಡಿಯಬೇಕು. ನಾವು ಯಾರು, ಯಾಕೆ ಬಂದಿದ್ದೇವೆ, ಬರೆದದ್ದು ಎಲ್ಲಿಗೆ ಹೋಗುತ್ತೆ ಅಂತ ಹೇಳಬೇಕು. ಬೇಡ ಅಂದರೆ ಎದ್ದು ಬರಬೇಕು.

"ಹೋದ್ಸಲ ಬಂದೋರೂ ಬರ್ಕೊಂಡೋದ್ರು ಮೇಷ್ಟ್ರೇ, ಏನ್ ಬರುದ್ರು ಅಂತ ತೋರುಸ್ನಿಲ್ಲ" ಅಂದರು ಒಬ್ಬ ಅಜ್ಜಿ. ಅದಕ್ಕೇ ಮೇಷ್ಟ್ರು ನಮ್ಮ ವರದಿಯನ್ನು ಪೋಡಿನಲ್ಲೇ ಗಟ್ಟಿಯಾಗಿ ಓದಿಸಿದರು. ಕಾಡಿನ ನೆಲದ ಒಣ ಎಲೆ ಸುಡೋ ತರಗು ಬೆಂಕಿ ಹಾಕೋದು ನಿಂತ ಮೇಲೆ ಲಂಟಾನ ಕಳೆ ಹಬ್ಬಿದ್ದನ್ನೂ ಸೇರಿಸಿ ಅಂತ ಹಿರಿಯರು ಹೇಳಿದರು. ಸೇರಿಸಿದೆವು.

ನಮ್ಮ ಬ್ಯಾಚಿನ ಇಬ್ಬರು ಶೂರರು ಪೋಡಿಗೆ ಹೋಗದೆ ದೇವಸ್ಥಾನದ ಮೆಟ್ಟಿಲ ಮೇಲೆ ಕೂತು ಫಾರಂ ತುಂಬಿದರು. ಮೇಷ್ಟ್ರು ವಯಸ್ಸಿನ ಕಾಲಂ ಮೇಲೆ ಬೆರಳು ಓಡಿಸಿದರು. 43, 57, 68. "ಯಾವ ಅಜ್ಜಿ ಕಣ್ರೋ 68 ಅಂತ ಲೆಕ್ಕ ಇಟ್ಟಿರೋದು? ಅರವತ್ತೋ ಎಪ್ಪತ್ತೋ ಅಂತಾರೆ!" ನಿಜವಾದ ಫಾರಂಗಳಲ್ಲಿ ವಯಸ್ಸಿನ ಕೊನೆಯ ಅಂಕಿ ಹೆಚ್ಚಾಗಿ ಸೊನ್ನೆಗೋ ಐದಕ್ಕೋ ಬಂದು ನಿಲ್ಲುತ್ತೆ. ಮೇಷ್ಟ್ರು ಬೈಯಲಿಲ್ಲ. ಮರುದಿನ ಅವರಿಬ್ಬರನ್ನೇ ಕರೆದುಕೊಂಡು ಹೋಗಿ ವಯಸ್ಸು ಕೇಳೋದು ಹೇಗೆ ಅಂತ ತೋರಿಸಿದರು. 1974ರಲ್ಲಿ ಅಭಯಾರಣ್ಯ ಆಯ್ತಲ್ಲ, ಮೊದಲ ಮಗು ಹುಟ್ಟಿದ್ದು ಅದಕ್ಕೆ ಮುಂಚೆಯೋ ಆಮೇಲೋ? ಹೀಗೆ ಕೇಳುತ್ತಾ ಹೋದರೆ ವಯಸ್ಸೂ ಸಿಗುತ್ತೆ, ಕಾಡು ಬಿಟ್ಟು ಬಂದ ಕಥೆಯೂ ಬರುತ್ತೆ.

2010ರಲ್ಲಿ ಒಂದು ದಿನ ಪತ್ರಿಕೆಯ ತುಣುಕು ಹಿಡಿದು ಕ್ಲಾಸಿಗೆ ಬಂದರು. ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ನಿನ ತಳದಲ್ಲಿ ಹವಾಸುಪಾಯಿ ಅನ್ನೋ ಬುಡಕಟ್ಟು ಇದೆ. ಸಕ್ಕರೆ ಕಾಯಿಲೆಯ ಅಧ್ಯಯನ ಅಂತ ತಿಳಿದು 1990ರಿಂದ ಅವರು ರಕ್ತ ಕೊಟ್ಟಿದ್ದರು. ಅದೇ ರಕ್ತವನ್ನು ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಸ್ಕಿಜೋಫ್ರೇನಿಯಾ ಅನ್ನೋ ಮಾನಸಿಕ ಕಾಯಿಲೆ, ಪೂರ್ವಜರ ವಲಸೆ ಅಂತ ಬೇರೆ ಅಧ್ಯಯನಗಳಿಗೂ ಬಳಸಿದರು. 2003ರಲ್ಲಿ ಆ ಜನರ ಹೆಣ್ಣುಮಗಳೊಬ್ಬರು ಅಲ್ಲಿ ಒಂದು ಉಪನ್ಯಾಸಕ್ಕೆ ಹೋಗಿ ಕೂತಾಗಲೇ ವಿಷಯ ಗೊತ್ತಾಗಿದ್ದು. ಕೊನೆಗೆ 7 ಲಕ್ಷ ಡಾಲರ್ ಪರಿಹಾರ ಸಿಕ್ಕಿತು, ಉಳಿದ ರಕ್ತವೂ ವಾಪಸ್ ಬಂತು. ಓದುವಾಗ ಮೇಷ್ಟ್ರ ಗಂಟಲು ಕಟ್ಟಿತ್ತು.

ಈಗ ಕ್ಷೇತ್ರಕಾರ್ಯ ಎರಡು ಮೂರು ದಿನಕ್ಕೆ ಇಳಿದಿದೆ. ಟ್ಯಾಬ್‌ನಲ್ಲಿ 'ಒಪ್ಪಿಗೆ ಇದೆ' ಅಂತ ಟಿಕ್ ಹಾಕಿದರೆ ಮುಗೀತು. ಕಾಗದಪತ್ರ ಜಾಸ್ತಿ ಆಯ್ತು, ಮಾತು ಕಡಿಮೆ ಆಯ್ತು. ನಾನು ನಡೆಸುವ ಸಮೀಕ್ಷೆಗಳಲ್ಲಿ ಮೊದಲ ದಿನ ಟ್ಯಾಬ್ ತೆಗೆಯೋ ಹಾಗಿಲ್ಲ. ನಮ್ಮ ತಂಡವನ್ನು ಹಾಡಿಗಳಲ್ಲಿ ಇವತ್ತಿಗೂ ಹೆಸರು ಹಿಡಿದು ಕರೆಯುತ್ತಾರೆ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಮೇಷ್ಟ್ರ ಟಿಪ್ಪಣಿ ಪುಸ್ತಕಗಳನ್ನು ಕಾಲೇಜಿನ ಲೈಬ್ರರಿಗೆ ಕೊಡೋಣ ಅಂತ ಗೆಳೆಯರು ಹೇಳುತ್ತಿದ್ದಾರೆ. ಕೊಡೋಣ. ಆದರೆ ಅದರಲ್ಲಿರುವುದು ಪೋಡಿನವರ ಮಾತು, ಅವರ ಮನೆಯ ಸಂಗತಿ. ಮೊದಲು ಅಲ್ಲಿಗೆ ಒಯ್ದು ಓದಿ ಹೇಳಬೇಕು, ಏನು ಇಡಬೇಕು, ಏನು ಬೇಡ ಅಂತ ಅವರನ್ನೇ ಕೇಳಬೇಕು. ಮಳೆ ನಿಂತ ಮೇಲೆ ಹೊರಡುತ್ತಿದ್ದೇನೆ. ಬರುವವರು ತಿಳಿಸಿ.