ಇದು ಜೋಳದ ಹಿಟ್ಟು ನಾದುತ್ತಾ?

ಭಾನುವಾರ ದೊಡ್ಡಮ್ಮ ಕೇಳಿದ ಮಾತು ಇನ್ನೂ ತಲೆಯಿಂದ ಹೋಗಿಲ್ಲ.

ದಾವಣಗೆರೆಯ ವಿದ್ಯಾನಗರದಲ್ಲಿ ಅವರ ಮನೆ. ಮಗ ಬೆಂಗಳೂರಿಂದ ಹಿಟ್ಟು ನಾದುವ ಮಿಕ್ಸರ್ ಹೊತ್ತು ತಂದಿದ್ದ. ಸಂಜೆ ಪಿಜ್ಜಾ. ಅರ್ಧ ಹಿಟ್ಟು ಮಿಷನ್‌ನಲ್ಲಿ, ಅರ್ಧ ಕೈಯಲ್ಲಿ, ಯಾವುದು ಮೇಲು ಅಂತ ನಮಗೆಲ್ಲ ತೋರಿಸಬೇಕಂತೆ. 500 ಗ್ರಾಂ ಮೈದಾಕ್ಕೆ 325 ಎಂಎಲ್ ನೀರು, ಉಪ್ಪು, ಚಿಟಿಕೆ ಈಸ್ಟ್. ತಿರುಗುವಾಗಿನ ತಿಕ್ಕಾಟಕ್ಕೆ ಹಿಟ್ಟು ಬಿಸಿಯಾಗುತ್ತೆ ಅಂತ ಫ್ರಿಜ್ ನೀರನ್ನೇ ಹಾಕಿದ. ಅದು ಸರಿಯೇ, ನಮ್ಮೂರಿನ ಬಿಸಿಲು ಬೇರೆ.

ಮಿಷನ್ ಬೇಗ ಮುಗಿಸಿತು. ಇವನು ಇನ್ನೂ ನಾದುತ್ತಲೇ ಇದ್ದ, ಬನಿಯನ್ ಒದ್ದೆ. ಆಮೇಲೆ ನಾದಿದ್ದು ಸಾಕಾ ಅಂತ ನೋಡೋಕೆ ಎರಡರಿಂದಲೂ ಚೂರು ಕಿತ್ತು ಕಿಟಕಿಗೆ ಹಿಡಿದು ಎಳೆದ. ಹರಿಯದೆ ತೆಳ್ಳಗಾಗಿ, ಆಚೆಯ ಬೆಳಕು ಮಬ್ಬಾಗಿ ಕಂಡಿತು. ಎರಡೂ ಒಂದೇ ಥರ. "ಕೈಯಲ್ಲಿ ನಾದಿದ್ದಕ್ಕೆ ಜೀವ ಇರುತ್ತೆ" ಅಂದ. ಇಟಲಿಯ ನೇಪಲ್ಸ್‌ನ ಪಿಜ್ಜಾ ಕಲೆಗೆ 2017ರಲ್ಲಿ ಯುನೆಸ್ಕೋ ಮಾನ್ಯತೆ ಸಿಕ್ಕಿದ್ದನ್ನೂ ಹೇಳಿದ. ಒಳ್ಳೆ ಹುಡುಗ, ಮಾತು ಸ್ವಲ್ಪ ಜಾಸ್ತಿ.

ಬಾಗಿಲ ಬಳಿ ನಿಂತಿದ್ದ ದೊಡ್ಡಮ್ಮ ಮಿಷನ್ ಬಟ್ಟಲಿಗೆ ಬೆರಳು ಒತ್ತಿ ನೋಡಿದರು.

"ಇದು ಜೋಳದ ಹಿಟ್ಟು ನಾದುತ್ತಾ?"

"ಅಮ್ಮಾ, ಇದು ಪಿಜ್ಜಾಕ್ಕೆ" ಅಂತ ನಕ್ಕ. ನಾವೂ ನಕ್ಕೆವು.

ಮೈದಾದಲ್ಲಿ ಗ್ಲುಟೆನ್ ಅನ್ನೋ ಅಂಟು ಪ್ರೋಟೀನ್ ಇದೆ, ನಾದಿದಷ್ಟೂ ಎಳೆ ಬರುತ್ತೆ. ಜೋಳದಲ್ಲಿ ಅದಿಲ್ಲ. ಕುದಿ ನೀರು ಹಾಕಿ ಜಿಗುಟು ಬರಿಸಬೇಕು, ಸುಡುಸುಡು ಇರುವಾಗಲೇ ಅಂಗೈಯಿಂದ ಒತ್ತಬೇಕು. ಆರಿದರೆ ರೊಟ್ಟಿಯ ಅಂಚು ಬಿರಿಯುತ್ತೆ. ಮದುವೆಯಾಗಿ ಬಂದಾಗಿನಿಂದ ದೊಡ್ಡಮ್ಮನಿಗೆ ದಿನಾ ಇದೇ ಕೆಲಸ. ಈಗ ಬಲ ಭುಜ ಎತ್ತೋಕಾಗಲ್ಲ. ಆ ಹಿಟ್ಟಿಗೆ ಜೀವ ಇದೆ ಅಂತ ಈ ಮಗ ಒಂದು ದಿನವಾದರೂ ಅಂದಿದ್ದನಾ? ಯಾವಾಗಲೋ ಒಮ್ಮೆ ನಾದುವವರಿಗೆ ಕೈ ರುಚಿಯ ಮಾತು ಸುಲಭ, ಅಲ್ವಾ? ದಿನಾ ನಾದುವವರು ಮಿಷನ್ ಕಂಡ ಕೂಡಲೇ ಲೆಕ್ಕ ಹಾಕುತ್ತಾರೆ.

ಪಿಜ್ಜಾ ಚೆನ್ನಾಗಿತ್ತು. ಯಾವುದು ಕೈಯದು, ಯಾವುದು ಮಿಷನ್‌ದು ಅಂತ ಅವನಿಗೂ ಗೊತ್ತಾಗಲಿಲ್ಲ.

ಬುಧವಾರ ಫೋನ್ ಮಾಡಿ ಕೇಳಿದೆ, ಹಾಕಿ ನೋಡಿದ್ರಾ ಅಂತ. ಹಾಕಿದ್ದರಂತೆ. ಹಿಟ್ಟು ಬಟ್ಟಲಿನ ಬದಿಗೆ ಹೋಗಿ ಕೂರುತ್ತೆ, ಆಗಾಗ ಕೆರೆದು ಹಾಕಬೇಕು, ಕೊನೆಗೆ ಕೈಯಲ್ಲೂ ಎರಡು ಸಲ ಒತ್ತಬೇಕಂತೆ. "ಆದರೂ ಆ ಸುಡೋ ಹಿಟ್ಟಿಗೆ ಕೈ ಹಾಕೋದು ತಪ್ತಲ್ಲ" ಅಂದರು. ಮಗ ಮಿಷನ್ ವಾಪಸ್ ಒಯ್ಯುತ್ತೇನೆ ಅಂದಿದ್ದನಂತೆ. ಇವರು ಡಬ್ಬ ರದ್ದಿಗೆ ಹಾಕಿಬಿಟ್ಟಿದ್ದಾರೆ.