2,200 ಮಾರು

ಮಡಗಾವ್ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದಾಗ ಪ್ಲಾಟ್‌ಫಾರ್ಮ್ ತೂಗಾಡತೊಡಗಿತು. ಕಂಬ ಹಿಡಿದುಕೊಂಡೆ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ‘ತಲೆ ತಿರುಗ್ತದಾ?’ ಎನ್ನುತ್ತ ನೀರಿನ ಬಾಟಲಿ ಮುಂದೆ ಹಿಡಿದರು. ತಲೆ ತಿರುಗುತ್ತಿರಲಿಲ್ಲ. ಎರಡು ತಿಂಗಳು ಹಡಗಿನಲ್ಲಿದ್ದ ಮೈಗೆ ನೆಲ ಸಿಕ್ಕಿದ್ದು ಇನ್ನೂ ಗೊತ್ತಾಗಿರಲಿಲ್ಲ. ಬಾರದ ಅಲೆಗೆ ಅದು ಕಾಯುತ್ತಲೇ ಇತ್ತು.

ಮಾರಿಷಸ್‌ನ ಪೋರ್ಟ್ ಲೂಯಿಯಿಂದ ಹೊರಟು ಅಂಟಾರ್ಕ್ಟಿಕಾದ ಸುತ್ತಲಿನ ದಕ್ಷಿಣ ಸಾಗರಕ್ಕೆ ಹೋಗಿದ್ದೆವು. ಗೋವಾದ ವಾಸ್ಕೋದಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಇಂಥ ಯಾನಗಳನ್ನು 2004ರಿಂದ ನಡೆಸುತ್ತಿದೆ. ನಾನು ವಿಜ್ಞಾನಿಯಲ್ಲ. ಸಿಟಿಡಿ ಎನ್ನುವ ಯಂತ್ರವನ್ನು ನೀರಿಗಿಳಿಸಿ ಎತ್ತುವ ತಂಡದಲ್ಲಿದ್ದೆ. ನೀರಿನ ಉಪ್ಪು, ಶಾಖ, ಆಳ ಮೂರನ್ನೂ ಅಳೆಯುವ ಯಂತ್ರ ಅದು. ಅದರ ಸುತ್ತ ಉದ್ದನೆಯ ಬಾಟಲಿಗಳಿರುತ್ತವೆ. ಕೇಬಲ್ ಬಿಡುವುದು ಸೆಕೆಂಡಿಗೆ ಸುಮಾರು ಒಂದು ಮೀಟರಿನಂತೆ. 4,000 ಮೀಟರ್ ಇಳಿಯಲಿಕ್ಕೇ ಒಂದು ತಾಸಿಗಿಂತ ಜಾಸ್ತಿ ಬೇಕು. ಮೇಲೆ ಬರುವಾಗ ಬೇಕಾದ ಆಳದಲ್ಲಿ ಒಂದೊಂದೇ ಬಾಟಲಿಯ ಬಾಯಿ ಮುಚ್ಚಿಸುತ್ತೇವೆ. ಡೆಕ್ಕಿಗೆ ಬಂದ ಮೇಲೆ ಆ ನೀರನ್ನು ಚಿಕ್ಕ ಸೀಸೆಗಳಿಗೆ ತುಂಬಿಸುವಾಗ ಬೆರಳು ಮರಗಟ್ಟಿಹೋಗುತ್ತದೆ. ತಳದ ನೀರು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಉಪ್ಪಿರುವುದರಿಂದ ಅದು ಸೊನ್ನೆಗೆ ಹೆಪ್ಪುಗಟ್ಟುವುದಿಲ್ಲ, ಸುಮಾರು ಮೈನಸ್ 1.8ರವರೆಗೂ ನೀರಾಗಿಯೇ ಉಳಿಯುತ್ತದೆ.

ಕುಮಟಾದಲ್ಲಿ ಇಳಿದಾಗ ಮೊದಲು ಸಿಕ್ಕಿದ್ದು ವಾಸನೆ. ಅಷ್ಟು ದಕ್ಷಿಣದಲ್ಲಿ ಗಾಳಿಗೆ ವಾಸನೆಯೇ ಇರುವುದಿಲ್ಲ. ಡೀಸೆಲ್ ಮತ್ತು ಅಡುಗೆಮನೆ, ಎರಡೇ. ಇಲ್ಲಿ ಹೊಳೆಯ ಕೆಸರು, ಒಣಮೀನು, ತೆಂಗಿನ ಸಿಪ್ಪೆ ಸುಟ್ಟ ಹೊಗೆ ಎಲ್ಲ ಒಟ್ಟಿಗೇ ಮೂಗಿಗೆ ನುಗ್ಗಿದವು. ಆಟೋದಲ್ಲಿ ಕೂತು ಸುಮ್ನೆ ಉಸಿರು ಎಳೆದುಕೊಳ್ಳುತ್ತಿದ್ದೆ.

‘ಬಂದ್ಯಾ ತಮಾ’ ಎಂದ ಆಯಿ ಕೆನ್ನೆ ಮುಟ್ಟಿ ನೋಡಿದಳು. ಚಳಿಗಾಳಿಗೆ ಚರ್ಮ ಸುಲಿದಿತ್ತು. ಏನೂ ಹೇಳದೆ ಕೊಬ್ಬರಿ ಎಣ್ಣೆ ತಂದು ಹಚ್ಚಿದಳು. ಊಟಕ್ಕೆ ಬಳಚಿನ ಸಾರು, ಕಗ್ಗದಕ್ಕಿ ಅನ್ನ. ಉಪ್ಪುನೀರಿನ ಗದ್ದೆಯಲ್ಲಿ ಬೆಳೆಯುವ ಆ ಕೆಂಪಕ್ಕಿಯ ರುಚಿ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಅಪ್ಪ ಊಟ ಮುಗಿಯುವವರೆಗೆ ಕಾದರು. ನಲವತ್ತು ವರ್ಷ ದೋಣಿ ನಡೆಸಿದವರು. ಕೇಳಿದ್ದು ಹಿಮದ ಬಗ್ಗೆ ಅಲ್ಲ, ಪೆಂಗ್ವಿನ್ ಬಗ್ಗೆಯೂ ಅಲ್ಲ.

‘ಎಷ್ಟು ಮಾರು ಆಳ ಅದೆ ಅಲ್ಲಿ?’

ಎರಡೂ ಕೈ ಚಾಚಿದಷ್ಟು ಉದ್ದ ಒಂದು ಮಾರು. ಕೂತಲ್ಲೇ ಲೆಕ್ಕ ಹಾಕಿದೆ. ಸುಮಾರು 2,200 ಮಾರು ಎಂದೆ. ಅಪ್ಪ ತನ್ನ ಎರಡು ಕೈ ನೋಡಿಕೊಂಡರು. ‘ನಾನು ಇಪ್ಪತ್ತು ಮಾರಿನಾಚೆ ಬಲೆ ಬಿಟ್ಟವನಲ್ಲ’ ಎಂದರು.

ಆಗ ಚೀಲದಿಂದ ಲೋಟ ತೆಗೆದುಕೊಟ್ಟೆ. ಚಹಾ ಕುಡಿಯುವ ಥರ್ಮೋಕೋಲ್ ಲೋಟವನ್ನು ಬಲೆಚೀಲದಲ್ಲಿ ಹಾಕಿ ಸಿಟಿಡಿಗೆ ಕಟ್ಟಿ ಇಳಿಸುವುದು ಸಂಶೋಧನಾ ಹಡಗುಗಳಲ್ಲಿ ಹಳೆಯ ರೂಢಿ. ಅಷ್ಟು ಆಳದಲ್ಲಿ ನೀರಿನ ಭಾರ ಮೇಲಿನ ಗಾಳಿಯ ಭಾರಕ್ಕಿಂತ ನಾನೂರು ಪಟ್ಟು. ಲೋಟದೊಳಗಿನ ಗಾಳಿಗುಳ್ಳೆಗಳೆಲ್ಲ ಹಿಂಡಿಹೋಗಿ, ಆಕಾರ ಹಾಗೇ ಉಳಿದು, ದೊಡ್ಡ ಅಡಿಕೆಯಷ್ಟಾಗಿ ಮೇಲೆ ಬರುತ್ತದೆ. ಇಳಿಸುವ ಮೊದಲು ಅದರ ಮೇಲೆ ಅಪ್ಪನ ದೋಣಿಯ ಹೆಸರು ಬರೆದಿದ್ದೆ. ಅಕ್ಷರಗಳೂ ಕುಗ್ಗಿದ್ದವು. ಅಪ್ಪ ಕನ್ನಡಕ ಹಾಕಿಕೊಂಡು ಓದಿದರು. ಮತ್ತೊಮ್ಮೆ ಓದಿದರು.

‘ಆ ನೀರು ಅಲ್ಲೇ ಇರ್ತದಾ?’

ಇಲ್ಲ ಎಂದೆ. ಅಂಟಾರ್ಕ್ಟಿಕಾದ ಅಂಚಿನಲ್ಲಿ ತಣ್ಣಗಾಗಿ, ಉಪ್ಪು ಹೆಚ್ಚಾಗಿ, ಭಾರವಾದ ನೀರು ತಳಕ್ಕಿಳಿಯುತ್ತದೆ. ಆಮೇಲೆ ತಳದಲ್ಲೇ ಬಡಗಣಕ್ಕೆ ಹರಿಯುತ್ತದೆ. ದಾರಿಯಲ್ಲಿ ಬೇರೆ ನೀರಿನೊಂದಿಗೆ ಬೆರೆಯುತ್ತ ನೂರಾರು ವರ್ಷ ನಡೆದು ನಮ್ಮ ಅರಬ್ಬೀ ಸಮುದ್ರದ ತಳಕ್ಕೂ ಬರುತ್ತದೆ. ಹಡಗಿನಲ್ಲಿ ಇದನ್ನು ಮೊದಲ ಸಲ ಕೇಳಿದ ದಿನವೇ ಅಪ್ಪನಿಗೆ ಹೇಳಬೇಕು ಅನ್ನಿಸಿತ್ತು. ಇಬ್ಬರೂ ಬೇರೆ ಬೇರೆ ಸಮುದ್ರದಲ್ಲಿ ದುಡಿಯುತ್ತೇವೆ ಅಂದುಕೊಂಡಿದ್ದೆ, ಹಾಗಲ್ಲ ಅಲ್ವಾ?

ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ‘ನೂರಾರು ವರ್ಷ’ ಎಂದಷ್ಟೇ ತಮ್ಮೊಳಗೇ ಹೇಳಿಕೊಂಡರು.

ರಾತ್ರಿ ನಿದ್ದೆ ಹತ್ತಲಿಲ್ಲ. ಎಂಜಿನ್ನಿನ ಗುಂಯ್ ಸದ್ದಿಲ್ಲ. ಕಣ್ಣು ಮುಚ್ಚಿದರೆ ಮಂಚ ಎದ್ದು ಇಳಿಯುತ್ತಿತ್ತು. ಹೊರಗೆ ಬಂದು ಕತ್ತಲೆ ನೋಡುತ್ತ ಕೂತೆ. ಅಷ್ಟು ದಕ್ಷಿಣದಲ್ಲಿ ಬೇಸಿಗೆಯಲ್ಲಿ ಪೂರ್ತಿ ಕತ್ತಲಾಗುವುದೇ ಇಲ್ಲ. ನಕ್ಷತ್ರ ಕಾಣದೆ ಎಷ್ಟೋ ದಿನವಾಗಿತ್ತು.

ನಾಲ್ಕು ಗಂಟೆಗೆ ಅಪ್ಪ ಎದ್ದರು. ‘ಬರ್ತ್ಯಾ?’ ಎಂದು ಕೇಳಿದರು.

ಅಘನಾಶಿನಿಯ ಅಳಿವೆ ದಾಟಿ ದೋಣಿ ಕಡಲಿಗೆ ಬಿತ್ತು. ಮೊದಲ ಅಲೆ ದೋಣಿಯನ್ನು ಎತ್ತಿ ಇಳಿಸಿದ್ದೇ ತಡ, ನನ್ನ ಮೈಯೊಳಗಿನ ತೂಗಾಟ ನಿಂತಿತು. ನೀರಿಗೆ ಕೈ ಬಿಟ್ಟೆ. ಬೆಚ್ಚಗಿತ್ತು. ಅಪ್ಪ ಕಲ್ಲು ಕಟ್ಟಿದ ಹಗ್ಗವನ್ನು ಕೆಳಗೆ ಬಿಡುತ್ತ, ಕೈ ಚಾಚಿ ಚಾಚಿ, ಗಟ್ಟಿಯಾಗಿ ಎಣಿಸತೊಡಗಿದರು. ಒಂದು, ಎರಡು, ಮೂರು.