ತೆಲುಗಿನಿಂದ ಕನ್ನಡಕ್ಕೆ ಒಂದೇ ಬಿಟ್

ಚಿತ್ರದುರ್ಗ, 16 ಜೂನ್ 2024, ಭಾನುವಾರ

ಮೊಳಕಾಲ್ಮೂರಿನ ದೊಡ್ಡಮ್ಮನ ಮನೆಮಾತು ತೆಲುಗು, ಓದಿದ್ದು ಕನ್ನಡ ಶಾಲೆಯಲ್ಲಿ. ಗಡಿಯ ಊರುಗಳಲ್ಲಿ ಇಂಥ ಮನೆಗಳು ಎಷ್ಟೋ ಇವೆ. ಮಾತು ಬರುತ್ತದೆ, ಲಿಪಿ ಬರುವುದಿಲ್ಲ. ರಾಯದುರ್ಗದಲ್ಲಿರುವ ಮೊಮ್ಮಗಳು ಕಲಿಯುತ್ತಿರುವುದು ತೆಲುಗು ಅಕ್ಷರ. ಅವಳು ಮೊಬೈಲ್‌ನಲ್ಲಿ ಕಳಿಸಿದ್ದನ್ನು ಓದಿ ಹೇಳಲು ದೊಡ್ಡಮ್ಮ ಯಾರನ್ನಾದರೂ ಕರೆಯಬೇಕು. ಅನುವಾದ ಬೇಕಿಲ್ಲ, ಅದೇ ಮಾತು ಕನ್ನಡ ಅಕ್ಷರದಲ್ಲಿ ಕಂಡರೆ ಸಾಕು. ಅದಕ್ಕೆಂದೇ ಇವತ್ತು ತಂಗಿಯನ್ನು ಜೊತೆಗೆ ಕೂರಿಸಿಕೊಂಡು ಸಣ್ಣದೊಂದು ಪ್ರೋಗ್ರಾಂ ಬರೆದೆ. ಬಿಸಿಎ ಓದುತ್ತಿರುವ ಅವಳಿಗೆ ಕಂಪ್ಯೂಟರ್ ಸಂಖ್ಯೆಗಳನ್ನು ಇಟ್ಟುಕೊಳ್ಳುವ 0, 1 ಅಂಕಿಗಳ, ಅಂದರೆ ಬಿಟ್‌ಗಳ ಲೆಕ್ಕ ಪಾಠದಲ್ಲಿ ಬಂದಿದೆ, ಆದರೆ ಅದರಿಂದ ಏನು ಉಪಯೋಗ ಎಂದು ಯಾರೂ ತೋರಿಸಿಲ್ಲ.

ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ, ಅಂದರೆ ಸಂಕೇತ, ಕೊಡುವ ಪಟ್ಟಿ ಯೂನಿಕೋಡ್. ಅದರಲ್ಲಿ ತೆಲುಗಿನ ಜಾಗ 3072ರಿಂದ 3199, ಅದರ ಬೆನ್ನಿಗೇ ಕನ್ನಡದ್ದು 3200ರಿಂದ 3327. ಭಾರತೀಯ ಲಿಪಿಗಳಿಗಾಗಿ ರೂಪುಗೊಂಡ ಇಸ್ಕಿ ಸಂಕೇತದ 1988ರ ಆವೃತ್ತಿಯ ಕ್ರಮವನ್ನೇ ಯೂನಿಕೋಡ್ ಅನುಸರಿಸಿತು. ಹಾಗಾಗಿ ಒಂದೊಂದು ಲಿಪಿಗೆ 128 ಮನೆ, ಎಲ್ಲದರಲ್ಲೂ ‘ಕ’ಕಾರ ಕೂತಿರುವುದು ಅದೇ ಸ್ಥಾನದಲ್ಲಿ. ತೆಲುಗಿನ ‘ಕ’ 3093, ಕನ್ನಡದ ‘ಕ’ 3221. ದ್ವಿಮಾನದಲ್ಲಿ, ಅಂದರೆ 0 ಮತ್ತು 1 ಮಾತ್ರ ಬಳಸಿ, ಬರೆದು ತಂಗಿಯ ಮುಂದಿಟ್ಟೆ:

110000010101
110010010101

ಬಲದಿಂದ ಸೊನ್ನೆ, ಒಂದು ಎಂದು ಎಣಿಸಿಕೊಂಡು ಹೋದರೆ ಏಳನೆಯ ಬಿಟ್ ಮಾತ್ರ ಬೇರೆ. ಅದು 1 ಆದರೆ ಕನ್ನಡ, 0 ಆದರೆ ತೆಲುಗು. ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕ ಬರೆಸಿದ ಬ್ರಾಹ್ಮಿ ಲಿಪಿಯೇ ಈ ಎರಡಕ್ಕೂ ಮೂಲ. ಆ ಬಂಡೆ ಇರುವುದೂ ಮೊಳಕಾಲ್ಮೂರು ತಾಲ್ಲೂಕಿನಲ್ಲೇ ಎಂಬುದು ನನಗೆ ಬಹಳ ಖುಷಿ ಕೊಡುವ ಸಂಗತಿ.

ಬಿಟ್ ಸೆಟ್ ಮಾಡಲು, ಅಂದರೆ ಅದನ್ನು 1 ಮಾಡಲು (‘|’ ಚಿಹ್ನೆಯ ಹೆಸರು ‘ಆರ್’):

ಸಂಕೇತ = ಸಂಕೇತ | (1 << 7)

ಕ್ಲಿಯರ್ ಮಾಡಲು, ಅಂದರೆ 0 ಮಾಡಲು (‘&’ ಎಂದರೆ ‘ಆಂಡ್’, ‘~’ ಎಂದರೆ ‘ನಾಟ್’):

ಸಂಕೇತ = ಸಂಕೇತ & ~(1 << 7)

1ನ್ನು ಏಳು ಸ್ಥಾನ ಎಡಕ್ಕೆ ಸರಿಸಿದರೆ 128. ಅದರೊಂದಿಗೆ ‘ಆರ್’ ಮಾಡಿದಾಗ ಏಳನೆಯ ಬಿಟ್ 1 ಆಗುತ್ತದೆ, ಉಳಿದವು ಇದ್ದಂತೆಯೇ ಇರುತ್ತವೆ. ‘ನಾಟ್’ ಹಾಕಿದರೆ 128ರ ಎಲ್ಲ ಬಿಟ್‌ಗಳೂ ತಿರುಗುಮುರುಗಾಗಿ ಏಳನೆಯದು 0, ಮಿಕ್ಕದ್ದೆಲ್ಲ 1. ಅದರೊಂದಿಗೆ ‘ಆಂಡ್’ ಮಾಡಿದರೆ ಆ ಒಂದು ಬಿಟ್ ಅಳಿಸಿಹೋಗುತ್ತದೆ.

“ಅಣ್ಣಾ, 128 ಕೂಡಿದರೂ ಇದೇ ಉತ್ತರ ಬರುತ್ತದಲ್ಲ, ಇಷ್ಟೆಲ್ಲ ಚಿಹ್ನೆ ಯಾಕೆ?” ಎಂದಳು. ಒಳ್ಳೆಯ ಪ್ರಶ್ನೆ. ಮೊಮ್ಮಗಳು ಕೆಲವೊಮ್ಮೆ ಅಜ್ಜಿಯ ಹೆಸರನ್ನು ಮಾತ್ರ ಕನ್ನಡದಲ್ಲಿ ಬರೆಯುತ್ತಾಳೆ. ಆಗಲೇ ಕನ್ನಡವಾಗಿರುವ 3221ಕ್ಕೆ ಮತ್ತೆ 128 ಕೂಡಿದರೆ 3349, ಅದು ಮಲಯಾಳಂನ ‘ಕ’! ಇತ್ತ ತೆಲುಗಿನ 3093ರಿಂದ 128 ಕಳೆದರೆ 2965, ತಮಿಳಿನ ‘ಕ’. ಕೂಡುವಾಗ ಏಳನೆಯ ಬಿಟ್‌ನಲ್ಲಿ ಆಗಲೇ 1 ಇದ್ದರೆ ದಶಕ ಎಡಕ್ಕೆ ದಾಟುತ್ತದೆ, ಪಕ್ಕದ ಬಿಟ್‌ಗಳೂ ಕೆಡುತ್ತವೆ. ‘ಆರ್’ನಲ್ಲಿ ದಶಕ ಎಂಬುದೇ ಇಲ್ಲ. ಕನ್ನಡದ ಅಕ್ಷರಕ್ಕೆ ಎಷ್ಟು ಸಲ ಮಾಡಿದರೂ ಅದು ಕನ್ನಡವಾಗಿಯೇ ಉಳಿಯುತ್ತದೆ. ಸೆಟ್, ಕ್ಲಿಯರ್ ಎರಡರ ನಿಜವಾದ ಬಲ ಇದು, ಪಾಠ ಶುರುವಾಗಬೇಕಾದ್ದು ಇಲ್ಲಿಂದ ಎಂದು ನನ್ನ ಗಟ್ಟಿ ಅಭಿಪ್ರಾಯ.

ಕಂಡಕಂಡದ್ದಕ್ಕೆಲ್ಲ ‘ಆರ್’ ಹಾಕುವಂತೆಯೂ ಇಲ್ಲ. ಪದಗಳ ನಡುವಿನ ಖಾಲಿ ಜಾಗದ ಸಂಕೇತ 32. ಅದರ ಏಳನೆಯ ಬಿಟ್ ಸೆಟ್ ಆದರೆ 160, ಅಂದರೆ ಸಾಲು ಮುರಿಯಲು ಬಿಡದ ಬೇರೊಂದು ಖಾಲಿ ಜಾಗ. ಕಣ್ಣಿಗೆ ಒಂದೇ ರೀತಿ ಕಾಣುತ್ತದೆ, ಹುಡುಕಲು ಹೋದರೆ ಸಿಗುವುದಿಲ್ಲ. ಪೂರ್ಣವಿರಾಮ 46 ಇದ್ದದ್ದು 174 ಆಗಿ, ವೃತ್ತದೊಳಗೆ ‘ಆರ್’ ಅಕ್ಷರವಿರುವ ಟ್ರೇಡ್‌ಮಾರ್ಕ್ ಗುರುತಾಗುತ್ತದೆ. ಆದ್ದರಿಂದ ಮೊದಲು ತೆಲುಗು ಹೌದೋ ಅಲ್ಲವೋ ನೋಡಬೇಕು:

(ಸಂಕೇತ & ~127) == 3072

ಕೆಳಗಿನ ಏಳು ಬಿಟ್‌ಗಳನ್ನು ಅಳಿಸಿ, ಉಳಿದದ್ದನ್ನು ತೆಲುಗಿನ ಮೊದಲ ಮನೆಯ ಜೊತೆ ಹೋಲಿಸುವ ಪರೀಕ್ಷೆ ಇದು. ಸಿ ಭಾಷೆಯಲ್ಲಿ ಈ ಆವರಣ ಬಿಡುವಂತಿಲ್ಲ. ಅಲ್ಲಿ ‘==’ ಮೊದಲು, ‘&’ ಆಮೇಲೆ. ಆವರಣವಿಲ್ಲದಿದ್ದರೆ ~127 ಮತ್ತು 3072ರ ಹೋಲಿಕೆ ಮೊದಲು ನಡೆದು ಉತ್ತರ ಸದಾ 0. ಪೈಥಾನ್‌ನಲ್ಲಿ ಈ ತೊಡಕಿಲ್ಲ, ಆದರೂ ಆವರಣ ಹಾಕುವ ರೂಢಿ ಒಳ್ಳೆಯದು ಎಂದು ತಂಗಿಗೆ ಹೇಳಿದೆ.

ಕಡತದೊಳಗೆ ಇಣುಕಿದರೆ ಇನ್ನೊಂದು ಸೊಗಸು. ಅಕ್ಷರದ ಸಂಖ್ಯೆಯನ್ನು ಎಂಟೆಂಟು ಬಿಟ್‌ಗಳ ಗುಂಪುಗಳಾಗಿ, ಅಂದರೆ ಬೈಟ್‌ಗಳಾಗಿ, ಕಡತದಲ್ಲಿ ಇಡುವ ವಿಧಾನ ಯುಟಿಎಫ್-8. ಅದರಲ್ಲಿ ತೆಲುಗಿನ ‘ಕ’ 224, 176, 149 ಎಂಬ ಮೂರು ಬೈಟ್. ಕನ್ನಡದ್ದು 224, 178, 149. ನಡುವಿನ ಬೈಟ್‌ನ ಒಂದು ಬಿಟ್ ಮಾತ್ರ ಬದಲಾಗಿದೆ.

ಸಂಜೆ ಮೊಮ್ಮಗಳ ಸಂದೇಶವನ್ನೇ ಹಾಕಿ ನೋಡಿದೆವು. “ಅವ್ವಾ, ಪಂಡಗಕು ವಸ್ತಾಮು” ಎಂದು ಅಲ್ಪವಿರಾಮ ಸಮೇತ ಸರಿಯಾಗಿ ಬಂತು. ಹಬ್ಬಕ್ಕೆ ಬರುತ್ತಾರಂತೆ. ಹಳೆಯ ತೆಲುಗಿನ ಒಂದೆರಡು ಅಕ್ಷರಗಳಿಗೆ ಕನ್ನಡದಲ್ಲಿ ಜೋಡಿ ಇಲ್ಲ, ಅವನ್ನು ಹಾಗೆಯೇ ಬಿಡುವಂತೆ ಬರೆದಿದ್ದೇನೆ. ದೊಡ್ಡಮ್ಮನ ಉತ್ತರ ರಾಯದುರ್ಗಕ್ಕೆ ಹೋಗುವಾಗ ಬಿಟ್ ಕ್ಲಿಯರ್ ಆಗಬೇಕು. ಆಗ ಪರೀಕ್ಷೆಯಲ್ಲಿ 3072ರ ಬದಲು 3200. ಆ ಭಾಗವನ್ನು ತಾನೇ ಬರೆಯುತ್ತೇನೆಂದು ತಂಗಿ ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗಿದ್ದಾಳೆ.